ಬೃಹತ್ ಉಕ್ಕಿನ ಗಟ್ಟಿಗಳಲ್ಲಿ ಪ್ರತ್ಯೇಕೀಕರಣ

ಬೃಹತ್ ಉಕ್ಕಿನ ಗಟ್ಟಿಗಳಲ್ಲಿ ಪ್ರತ್ಯೇಕೀಕರಣ ಎಂದರೆ ಕರಗಿದ ಉಕ್ಕು ಅಚ್ಚಿನಲ್ಲಿ ಘನೀಕರಿಸುವಾಗ ಅದರಲ್ಲಿರುವ ಇಂಗಾಲ, ಗಂಧಕ, ರಂಜಕ, ಮ್ಯಾಂಗನೀಸ್ ಮೊದಲಾದ ಧಾತುಗಳು ಎಲ್ಲೆಡೆ ಸಮನಾಗಿ ಹಂಚಿಕೆಯಾಗದೆ, ಕೆಲವು ಭಾಗಗಳಲ್ಲಿ ಹೆಚ್ಚಾಗಿಯೂ ಕೆಲವು ಭಾಗಗಳಲ್ಲಿ ಕಡಿಮೆಯಾಗಿಯೂ ಉಳಿಯುವ ವಿದ್ಯಮಾನ. ಗಟ್ಟಿಯನ್ನು ಇಂಗಾಟ್ ಎಂದೂ ಕರೆಯುತ್ತಾರೆ. ಗಟ್ಟಿಯ ಗಾತ್ರ ಹೆಚ್ಚಿದಂತೆ ಈ ಅಸಮತೆಯೂ ಹೆಚ್ಚುತ್ತದೆ. ವಿದ್ಯುತ್ ಉತ್ಪಾದಕಗಳ ರೋಟರ್, ಹಡಗಿನ ದಂಡ, ಪರಮಾಣು ಸ್ಥಾವರದ ಒತ್ತಡ ಪಾತ್ರೆ ಮೊದಲಾದವುಗಳನ್ನು ನೂರಾರು ಟನ್ ತೂಕದ ಗಟ್ಟಿಗಳಿಂದ ಬಡಿದು ರೂಪಿಸುವುದರಿಂದ, ಪ್ರತ್ಯೇಕೀಕರಣವನ್ನು ಹತೋಟಿಯಲ್ಲಿಡುವುದು ಲೋಹಶಾಸ್ತ್ರದ ಮುಖ್ಯ ಸಮಸ್ಯೆಗಳಲ್ಲಿ ಒಂದಾಗಿದೆ.

ಕರ್ನಾಟಕದ ಲೋಹವಿದ್ಯೆಯ ಇತಿಹಾಸದಲ್ಲಿ ಈ ವಿದ್ಯಮಾನಕ್ಕೆ ವಿಶಿಷ್ಟ ಸ್ಥಾನವಿದೆ. ಮೈಸೂರು ಸೀಮೆಯಲ್ಲಿ ಮೂಸೆಗಳಲ್ಲಿ ತಯಾರಾಗುತ್ತಿದ್ದ ಉಕ್ಕಿನ ಖಡ್ಗಗಳ ಮೇಲೆ ಕಾಣುವ ಅಲೆಯಂತಹ ವಿನ್ಯಾಸಕ್ಕೆ ಮೂಲ ಕಾರಣವೂ ಪ್ರತ್ಯೇಕೀಕರಣವೇ ಆಗಿದೆ.

## ಮೂಲ ಕಾರಣ

ನೀರು ಹೆಪ್ಪುಗಟ್ಟುವಾಗ ಉಪ್ಪನ್ನು ಹೊರಗೆ ತಳ್ಳುವಂತೆ, ಉಕ್ಕಿನ ಹರಳುಗಳೂ ಬೆಳೆಯುವಾಗ ತಮ್ಮಲ್ಲಿ ಬೆರೆತ ಧಾತುಗಳ ಒಂದು ಅಂಶವನ್ನು ಮಾತ್ರ ಒಳಗೆ ಸೇರಿಸಿಕೊಂಡು ಉಳಿದುದನ್ನು ದ್ರವಕ್ಕೆ ಬಿಡುತ್ತವೆ. ಘನದಲ್ಲಿರುವ ಪ್ರಮಾಣಕ್ಕೂ ಅದರೊಡನೆ ಸಮತೋಲದಲ್ಲಿರುವ ದ್ರವದಲ್ಲಿನ ಪ್ರಮಾಣಕ್ಕೂ ಇರುವ ಅನುಪಾತವನ್ನು ವಿತರಣಾ ಗುಣಾಂಕ ಎನ್ನುತ್ತಾರೆ. ಈ ಗುಣಾಂಕ ಒಂದಕ್ಕೆ ಸಮೀಪವಿದ್ದರೆ ಪ್ರತ್ಯೇಕೀಕರಣ ಅಲ್ಪ. ಸೊನ್ನೆಗೆ ಸಮೀಪವಿದ್ದರೆ ತೀವ್ರ. ಡೆಲ್ಟಾ ರೂಪದ ಕಬ್ಬಿಣದಲ್ಲಿ ಸ್ಥೂಲ ಮೌಲ್ಯಗಳು ಹೀಗಿವೆ:

- ಮ್ಯಾಂಗನೀಸ್ ಮತ್ತು ಸಿಲಿಕಾನ್: ಸುಮಾರು 0.8
- ಇಂಗಾಲ ಮತ್ತು ರಂಜಕ: ಸುಮಾರು 0.2
- ಗಂಧಕ: ಸುಮಾರು 0.05

ಘನಭಾಗದಲ್ಲಿ ಧಾತುಗಳು ಚಲಿಸುವುದಿಲ್ಲ, ದ್ರವದಲ್ಲಿ ಪೂರ್ಣವಾಗಿ ಬೆರೆಯುತ್ತವೆ ಎಂದು ಭಾವಿಸಿದರೆ, ಉಳಿದ ದ್ರವದ ಸಂಯೋಜನೆಯನ್ನು ಗಲಿವರ್–ಶೈಲ್ ಸಮೀಕರಣದಿಂದ ಲೆಕ್ಕ ಹಾಕಬಹುದು. ಅದರಂತೆ ಶೇ. 0.01 ಗಂಧಕವುಳ್ಳ ಉಕ್ಕಿನ ಹತ್ತರಲ್ಲಿ ಒಂಬತ್ತು ಭಾಗ ಘನೀಕರಿಸಿದಾಗ, ಉಳಿದ ಒಂದು ಭಾಗ ದ್ರವದಲ್ಲಿ ಗಂಧಕದ ಪ್ರಮಾಣ ಸುಮಾರು ಒಂಬತ್ತು ಪಟ್ಟು, ಅಂದರೆ ಶೇ. 0.09ರಷ್ಟು ಆಗಿರುತ್ತದೆ. ವಾಸ್ತವದಲ್ಲಿ ಗಂಧಕವು ಮ್ಯಾಂಗನೀಸಿನೊಡನೆ ಸೇರಿ ಸಲ್ಫೈಡ್ ಕಣಗಳಾಗಿ ಬೇರ್ಪಡುವುದರಿಂದ ಚಿತ್ರ ಇಷ್ಟು ಸರಳವಲ್ಲ. ಆದರೂ ಕೊನೆಗೆ ಗಟ್ಟಿಯಾಗುವ ಭಾಗವೇ ಹೆಚ್ಚು ಕಲುಷಿತವಾಗುವುದೆಂಬ ತತ್ತ್ವ ಇದರಿಂದ ಸ್ಪಷ್ಟವಾಗುತ್ತದೆ.

## ಪ್ರಕಾರಗಳು

### ಸೂಕ್ಷ್ಮ ಪ್ರತ್ಯೇಕೀಕರಣ

ಉಕ್ಕು ಸಾಮಾನ್ಯವಾಗಿ ಡೆಂಡ್ರೈಟ್ ಎಂಬ, ಕಾಂಡ ಮತ್ತು ಕೊಂಬೆಗಳುಳ್ಳ ಮರದ ಆಕಾರದ ಹರಳುಗಳಾಗಿ ಬೆಳೆಯುತ್ತದೆ. ಕೊಂಬೆಗಳ ನಡುವೆ ಸಿಕ್ಕಿಕೊಂಡ ದ್ರವ ಕೊನೆಗೆ ಘನೀಕರಿಸುವುದರಿಂದ ಅಲ್ಲಿ ಧಾತುಗಳ ಪ್ರಮಾಣ ಹೆಚ್ಚು. ಈ ವ್ಯತ್ಯಾಸ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಅಥವಾ ಅದಕ್ಕೂ ಕಡಿಮೆ ಅಂತರದಲ್ಲಿ ಇರುತ್ತದೆ.

### ಬೃಹತ್ ಪ್ರತ್ಯೇಕೀಕರಣ

ಗಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ, ಸೆಂಟಿಮೀಟರ್‌ಗಳಿಂದ ಮೀಟರ್‌ಗಳವರೆಗಿನ ಅಂತರದಲ್ಲಿ ಕಾಣುವ ಅಸಮತೆ ಇದು. ಸೂಕ್ಷ್ಮ ಪ್ರತ್ಯೇಕೀಕರಣದಿಂದ ಹುಟ್ಟಿದ ಧಾತುಸಮೃದ್ಧ ದ್ರವ ಇದ್ದಲ್ಲಿಯೇ ಇರದೆ ಹರಿದುಹೋದಾಗ, ಅಥವಾ ಧಾತುಗಳು ಕಡಿಮೆಯಿರುವ ಹರಳುಗಳು ಬೇರೆಡೆಗೆ ಸಾಗಿದಾಗ ಬೃಹತ್ ಪ್ರತ್ಯೇಕೀಕರಣ ಉಂಟಾಗುತ್ತದೆ.

ಇವೆರಡರ ಪರಿಹಾರದಲ್ಲಿ ಅಜಗಜಾಂತರವಿದೆ. ಗಟ್ಟಿಯನ್ನು ಹೆಚ್ಚು ತಾಪದಲ್ಲಿ ಇಟ್ಟರೆ ವಿಸರಣದಿಂದ ಧಾತುಗಳು ಸಮನಾಗುತ್ತವೆ. ಆದರೆ ಬೇಕಾಗುವ ಕಾಲ ಅಂತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 1200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಂಗಾಲವು 0.1 ಮಿ.ಮೀ. ದೂರ ವಿಸರಿಸಲು ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಅದೇ ಇಂಗಾಲ 10 ಸೆಂ.ಮೀ. ದೂರ ವಿಸರಿಸಲು ಹತ್ತು ಲಕ್ಷ ಪಟ್ಟು ಕಾಲ, ಅಂದರೆ ಎರಡು ವರ್ಷಕ್ಕೂ ಹೆಚ್ಚು ಬೇಕು. ಒಂದು ಮೀಟರಿಗೆ ಎರಡು ಶತಮಾನಗಳು ದಾಟುತ್ತವೆ. ಮ್ಯಾಂಗನೀಸ್, ಕ್ರೋಮಿಯಂಗಳು ಇಂಗಾಲಕ್ಕಿಂತ ಬಹಳ ನಿಧಾನ. ಆದ್ದರಿಂದ ಒಮ್ಮೆ ಉಂಟಾದ ಬೃಹತ್ ಪ್ರತ್ಯೇಕೀಕರಣವನ್ನು ಕಾಯಿಸುವುದರಿಂದಾಗಲಿ ಬಡಿಯುವುದರಿಂದಾಗಲಿ ಹೋಗಲಾಡಿಸುವುದು ಸಾಧ್ಯವಿಲ್ಲ. ಎರಕದ ಹಂತದಲ್ಲಿಯೇ ಅದನ್ನು ತಡೆಯಬೇಕು ಅಥವಾ ಆ ಭಾಗವನ್ನು ಕತ್ತರಿಸಿ ತೆಗೆಯಬೇಕು.

## ಗಟ್ಟಿಯೊಳಗಿನ ವಿನ್ಯಾಸ

ದೊಡ್ಡ ಗಟ್ಟಿಯನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಿದರೆ ಸಾಮಾನ್ಯವಾಗಿ ನಾಲ್ಕು ಲಕ್ಷಣಗಳು ಕಾಣುತ್ತವೆ.

- ತಳದ ಶಂಕು: ಮೊದಲು ಹುಟ್ಟಿದ, ಧಾತುಗಳು ಕಡಿಮೆಯಿರುವ ಹರಳುಗಳು ದ್ರವಕ್ಕಿಂತ ಭಾರವಾದುದರಿಂದ ಕೆಳಗೆ ಕುಳಿತು ಶಂಕುವಿನಾಕಾರದ ರಾಶಿಯಾಗುತ್ತವೆ. ಇಲ್ಲಿ ಇಂಗಾಲ ಸರಾಸರಿಗಿಂತ ಕಡಿಮೆ ಇರುತ್ತದೆ.
- ತಲೆಭಾಗದ ಸಮೃದ್ಧಿ: ಕೊನೆಗೆ ಘನೀಕರಿಸುವ ಮೇಲ್ಭಾಗದಲ್ಲಿ ಇಂಗಾಲ, ಗಂಧಕ, ರಂಜಕಗಳು ಸರಾಸರಿಗಿಂತ ಹೆಚ್ಚಾಗಿರುತ್ತವೆ.
- ಎ-ಪ್ರತ್ಯೇಕೀಕರಣ: ಗಟ್ಟಿಯ ಹೊರಪದರಕ್ಕೂ ನಡುಭಾಗಕ್ಕೂ ಮಧ್ಯೆ, ಮೇಲೆ ಹೋದಂತೆ ಅಕ್ಷದ ಕಡೆಗೆ ವಾಲುವ ಕಡ್ಡಿಯಂತಹ ಕಾಲುವೆಗಳು. ಇಂಗಾಲ, ಗಂಧಕ ಮೊದಲಾದವು ಸೇರಿದ ದ್ರವ ಹಗುರವಾಗಿ ಮೇಲೇರುವಾಗ ತನ್ನ ದಾರಿಯಲ್ಲಿದ್ದ ಹರಳಿನ ಕೊಂಬೆಗಳನ್ನು ಕರಗಿಸಿ ಈ ಕಾಲುವೆಗಳನ್ನು ಕೊರೆಯುತ್ತದೆ.
- ವಿ-ಪ್ರತ್ಯೇಕೀಕರಣ: ಅಕ್ಷದ ಬಳಿ ಹರಳುಗಳ ಸಡಿಲ ರಾಶಿ ಕುಗ್ಗುವಿಕೆಯಿಂದ ಕೆಳಕ್ಕೆ ಜಾರಿದಾಗ ಬಿರುಕಿನಂತಹ ಸಂದುಗಳು ಉಂಟಾಗಿ, ಅವುಗಳಲ್ಲಿ ಧಾತುಸಮೃದ್ಧ ದ್ರವ ತುಂಬಿಕೊಳ್ಳುತ್ತದೆ.

ಘನ ಮತ್ತು ದ್ರವ ಎರಡೂ ಕೂಡಿರುವ ಪ್ರದೇಶದಲ್ಲಿ ಹರಿವು ಸುಲಭವಾದಷ್ಟೂ ಕಾಲುವೆಗಳು ಹೆಚ್ಚು. ಈ ಪ್ರದೇಶದ ಪಾರಗಮ್ಯತೆ ಹರಳಿನ ಕೊಂಬೆಗಳ ನಡುವಿನ ಅಂತರದ ವರ್ಗಕ್ಕೆ ಅನುಗುಣವಾಗಿರುತ್ತದೆ. ನಿಧಾನವಾಗಿ ತಣಿಯುವ ಗಟ್ಟಿಯಲ್ಲಿ ಕೊಂಬೆಗಳು ದೂರ ದೂರ ಬೆಳೆಯುತ್ತವೆ. ಘನೀಕರಣದ ಕಾಲವೂ ದಪ್ಪದ ವರ್ಗಕ್ಕೆ ಅನುಗುಣವಾಗಿಯೇ ಹೆಚ್ಚುತ್ತದೆ. ಕೆಲವು ಮೀಟರ್ ವ್ಯಾಸದ ಗಟ್ಟಿ ಪೂರ್ತಿ ಘನೀಕರಿಸಲು ದಿನಗಟ್ಟಲೆ ಹಿಡಿಯುತ್ತದೆ. ಗಾತ್ರ ಹೆಚ್ಚಿದಂತೆ ಸಮಸ್ಯೆ ಬಿಗಡಾಯಿಸುವುದಕ್ಕೆ ಇದೇ ಕಾರಣ.

## ಅಧ್ಯಯನದ ಇತಿಹಾಸ

ಎರಕದ ಫಿರಂಗಿಗಳಲ್ಲಿ ಕಂಚಿನ ಸಂಯೋಜನೆ ಎಲ್ಲೆಡೆ ಒಂದೇ ಇರುವುದಿಲ್ಲವೆಂಬುದನ್ನು ಇಟಲಿಯ ವನ್ನೋಚ್ಚೊ ಬಿರಿಂಗುಚ್ಚೊ 1540ರಲ್ಲಿ ಪ್ರಕಟವಾದ ತನ್ನ ಲೋಹವಿದ್ಯೆಯ ಗ್ರಂಥದಲ್ಲಿ ದಾಖಲಿಸಿದನು. 1906ರಲ್ಲಿ ಬೌಮನ್ ರೂಪಿಸಿದ ಗಂಧಕ ಮುದ್ರಣ ವಿಧಾನದಿಂದ ಉಕ್ಕಿನಲ್ಲಿ ಗಂಧಕದ ಹಂಚಿಕೆಯನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಸಾಧ್ಯವಾಯಿತು. ಆಮ್ಲದಲ್ಲಿ ನೆನೆಸಿದ ಛಾಯಾಚಿತ್ರ ಕಾಗದವನ್ನು ನಯಗೊಳಿಸಿದ ಉಕ್ಕಿನ ಮೇಲೆ ಒತ್ತಿದರೆ, ಗಂಧಕ ಹೆಚ್ಚಿರುವೆಡೆ ಕಾಗದ ಕಂದಾಗುತ್ತದೆ. ಬ್ರಿಟನ್ನಿನ ಕಬ್ಬಿಣ ಮತ್ತು ಉಕ್ಕು ಸಂಸ್ಥೆಯು ಉಕ್ಕಿನ ಗಟ್ಟಿಗಳ ಅಸಮತೆಯ ಅಧ್ಯಯನಕ್ಕಾಗಿಯೇ ಒಂದು ಸಮಿತಿಯನ್ನು ನೇಮಿಸಿತು. ಅದರ ಮೊದಲ ವರದಿ 1926ರಲ್ಲಿ ಪ್ರಕಟವಾಯಿತು. 1967ರಲ್ಲಿ ಅಮೆರಿಕದ ಮೆರ್ಟನ್ ಫ್ಲೆಮಿಂಗ್ಸ್ ಮತ್ತು ಸಹೋದ್ಯೋಗಿಗಳು ಹರಳುಗಳ ನಡುವಿನ ದ್ರವದ ಹರಿವನ್ನು ಪ್ರತ್ಯೇಕೀಕರಣದೊಡನೆ ಜೋಡಿಸುವ ಸಮೀಕರಣವನ್ನು ನೀಡಿದರು. ಇಂದಿನ ಗಣಕಯಂತ್ರ ಮಾದರಿಗಳಿಗೆ ಅದೇ ತಳಹದಿ. 2014ರಲ್ಲಿ ಚೀನಾದ ಸಂಶೋಧಕರು ದ್ರವದಲ್ಲಿ ತೇಲುವ ಆಕ್ಸೈಡ್ ಕಣಗಳೂ ಎ-ಕಾಲುವೆಗಳು ಹುಟ್ಟಲು ಕಾರಣವಾಗುತ್ತವೆಂದು ತೋರಿಸಿದರು. ಇದರಿಂದ ಉಕ್ಕಿನಲ್ಲಿ ಆಮ್ಲಜನಕದ ಪ್ರಮಾಣವನ್ನು ತಗ್ಗಿಸುವುದಕ್ಕೆ ಹೊಸ ಮಹತ್ವ ಬಂದಿತು.

## ಮೈಸೂರು ಸೀಮೆಯ ಹಿನ್ನೆಲೆ

### ಮೂಸೆಯ ಉಕ್ಕು

1795ರಲ್ಲಿ ಜಾರ್ಜ್ ಪಿಯರ್‌ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಭಾರತದಿಂದ ಬಂದ ಒಂದು ಬಗೆಯ ಉಕ್ಕನ್ನು ವೂಟ್ಜ್ ಎಂಬ ಹೆಸರಿನಿಂದ ವರ್ಣಿಸಿದನು. ಈ ಹೆಸರು ಕನ್ನಡದ ‘ಉಕ್ಕು’ ಪದದಿಂದ ಬಂದಿದೆಯೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ಮೈಸೂರು ರಾಜ್ಯದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಮತ್ತು ಮಧುಗಿರಿ ಸೀಮೆಗಳಲ್ಲಿ ಕಬ್ಬಿಣ ಹಾಗೂ ಉಕ್ಕಿನ ತಯಾರಿಕೆಯನ್ನು ಕಂಡು ಬರೆದಿದ್ದಾನೆ. ಶ್ರೀರಂಗಪಟ್ಟಣ–ಬೆಂಗಳೂರು ದಾರಿಯ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗಳು ತಯಾರಾಗಿ ದೂರದ ಊರುಗಳಿಗೆ ಹೋಗುತ್ತಿದ್ದುದನ್ನೂ ಅವನು ದಾಖಲಿಸಿದ್ದಾನೆ.

ಮೆದು ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಒಣಕಡ್ಡಿ ಮತ್ತು ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಯನ್ನು ಮಣ್ಣಿನಿಂದ ಮುಚ್ಚಿ ಕುಲುಮೆಯಲ್ಲಿ ಕಾಯಿಸುವುದು ಇದರ ವಿಧಾನ. ಗಿಡದ ಇಂಗಾಲವನ್ನು ಹೀರಿಕೊಂಡ ಕಬ್ಬಿಣದ ಕರಗುವ ತಾಪ ತಗ್ಗಿ, ಅದು ದ್ರವವಾಗಿ, ಸುಮಾರು ಶೇ. 1.5 ಇಂಗಾಲವುಳ್ಳ ಸಣ್ಣ ಗಟ್ಟಿಯಾಗುತ್ತಿತ್ತು. ಮೂಸೆಯಲ್ಲಿಯೇ ನಿಧಾನವಾಗಿ ತಣಿಯುವುದರಿಂದ ಡೆಂಡ್ರೈಟ್‌ಗಳು ದೊಡ್ಡದಾಗಿ ಬೆಳೆಯುತ್ತಿದ್ದವು. ಅಮೆರಿಕದ ಲೋಹಶಾಸ್ತ್ರಜ್ಞ ಜಾನ್ ವರ್ಹೂವೆನ್ ಮತ್ತು ಕಮ್ಮಾರ ಆಲ್‌ಫ್ರೆಡ್ ಪೆಂಡ್ರೆ 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳ ಪ್ರಕಾರ, ಅದಿರಿನಿಂದ ಬಂದ ವನೇಡಿಯಂನಂತಹ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಹರಳಿನ ಕೊಂಬೆಗಳ ನಡುವೆ ಪ್ರತ್ಯೇಕಗೊಳ್ಳುತ್ತವೆ. ಗಟ್ಟಿಯನ್ನು ಮಿತವಾದ ತಾಪದಲ್ಲಿ ಮತ್ತೆ ಮತ್ತೆ ಬಡಿಯುವಾಗ ಕಾರ್ಬೈಡ್ ಕಣಗಳು ಅದೇ ಸಾಲುಗಳಲ್ಲಿ ಸೇರುತ್ತವೆ. ದಮಾಸ್ಕಸ್ ಖಡ್ಗಗಳ ಅಲೆಯ ವಿನ್ಯಾಸ ಹೀಗೆ ಮೂಡುತ್ತದೆ. ಅತಿಯಾಗಿ ಕಾಯಿಸಿದರೆ ವಿನ್ಯಾಸ ಅಳಿಸಿಹೋಗುತ್ತದೆ.

ಮೂಸೆಯ ಗಟ್ಟಿ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ್ದರಿಂದ ಬೃಹತ್ ಪ್ರತ್ಯೇಕೀಕರಣಕ್ಕೆ ಅಲ್ಲಿ ಅವಕಾಶ ಕಡಿಮೆ. ಖಡ್ಗದಲ್ಲಿ ಬಯಸಿದ ಗುಣವೇ ರೋಟರಿನಲ್ಲಿ ದೋಷವಾಗುವುದು ಗಾತ್ರ ಮತ್ತು ಬಳಕೆಯ ವ್ಯತ್ಯಾಸದಿಂದ.

### ಕಂಚು ಮತ್ತು ಫಿರಂಗಿ

ಶ್ರೀರಂಗಪಟ್ಟಣವು ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಆಯುಧ ತಯಾರಿಕೆಯ ಕೇಂದ್ರವಾಗಿತ್ತು. ಅವರ ಸೇವೆಯಲ್ಲಿದ್ದ ಫ್ರೆಂಚರು ಬೀಡುಬಿಟ್ಟ ಹಿರೋಡೆ, ಅಂದರೆ ಇಂದಿನ ಪಾಂಡವಪುರ, ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಪಡೆಯಿತು. ಸಮೀಪದ ನಾಗಮಂಗಲ ಹಿತ್ತಾಳೆ ಮತ್ತು ಕಂಚಿನ ಕೆಲಸಕ್ಕೆ ಹೆಸರಾದ ಊರು.

ತಾಮ್ರ ಮತ್ತು ತವರದ ಮಿಶ್ರಣವಾದ ಕಂಚು ನೂರಕ್ಕೂ ಹೆಚ್ಚು ಡಿಗ್ರಿಗಳ ತಾಪವ್ಯಾಪ್ತಿಯಲ್ಲಿ ಘನೀಕರಿಸುವುದರಿಂದ ಪ್ರತ್ಯೇಕೀಕರಣಕ್ಕೆ ಸುಲಭವಾಗಿ ಒಳಗಾಗುತ್ತದೆ. ಕೆಲವೊಮ್ಮೆ ತವರ ಹೆಚ್ಚಿರುವ ದ್ರವ ಹರಳುಗಳ ಸಂದಿನಿಂದ ಹೊರಕ್ಕೆ ಒಸರಿ ಎರಕದ ಮೇಲ್ಮೈಯಲ್ಲಿ ಬಿಳಿಚಿದ ಹನಿಗಳಾಗಿ ಕಾಣಿಸಿಕೊಳ್ಳುತ್ತದೆ. ಎರಕದವರು ಇದನ್ನು ತವರದ ಬೆವರು ಎನ್ನುತ್ತಾರೆ. ಶಾಸ್ತ್ರದಲ್ಲಿ ಇದು ವಿಲೋಮ ಪ್ರತ್ಯೇಕೀಕರಣ. ಫಿರಂಗಿಯ ಎರಕದಲ್ಲಿ ಅಚ್ಚಿನ ಮೇಲ್ಭಾಗಕ್ಕೆ ಹೆಚ್ಚುವರಿ ಲೋಹ ಸುರಿದು, ತಣಿದ ಮೇಲೆ ಆ ತಲೆಯನ್ನು ಕತ್ತರಿಸಿ ತೆಗೆಯುವ ಪದ್ಧತಿ ಇತ್ತು. ಇಂದಿನ ಉಕ್ಕಿನ ಗಟ್ಟಿಗಳ ಬಿಸಿತಲೆಯಲ್ಲಿ ಇದೇ ಉಪಾಯ ಮುಂದುವರಿದಿದೆ.

### ಆಧುನಿಕ ಕಾಲ

ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಭದ್ರಾವತಿಯಲ್ಲಿ ಸ್ಥಾಪನೆಯಾದ ಮೈಸೂರು ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆ ಆರಂಭಿಸಿತು. ಆರಂಭದಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಇದ್ದಲಿನಿಂದ ಕರಗಿಸುತ್ತಿದ್ದ ಈ ಕಾರ್ಖಾನೆ 1930ರ ದಶಕದಲ್ಲಿ ಉಕ್ಕಿನ ತಯಾರಿಕೆಗೆ ತೊಡಗಿತು. ಮುಂದೆ ಮಿಶ್ರಲೋಹದ ಮತ್ತು ವಿಶೇಷ ಉಕ್ಕಿನ ತಯಾರಿಕೆಗೆ ಹೆಸರಾಗಿ, 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು.

ಬಡಿದು ರೂಪಿಸಿದ ಉಕ್ಕು ನಿತ್ಯ ದುಡಿಯುವ ಸ್ಥಳಗಳಲ್ಲಿ ಪಾಂಡವಪುರ ಮತ್ತು ಕೃಷ್ಣರಾಜಪೇಟೆ ತಾಲ್ಲೂಕುಗಳಲ್ಲಿರುವಂತಹ ಸಕ್ಕರೆ ಕಾರ್ಖಾನೆಗಳೂ ಸೇರಿವೆ. ಕಬ್ಬು ಅರೆಯುವ ಗಾಣದ ರೋಲರಿನಲ್ಲಿ ಎರಕದ ಕಬ್ಬಿಣದ ಹೊರಕವಚವನ್ನು ಬಡಿದ ಉಕ್ಕಿನ ದಂಡದ ಮೇಲೆ ಬಿಗಿಯಾಗಿ ಕೂರಿಸಿರುತ್ತಾರೆ. ತಿರುಚುವಿಕೆ ಮತ್ತು ಬಾಗುವಿಕೆಯಿಂದ ದಂಡದ ಮೇಲ್ಮೈಯಲ್ಲಿ ಒತ್ತಡ ಅತಿ ಹೆಚ್ಚು, ಅಕ್ಷದಲ್ಲಿ ಅತಿ ಕಡಿಮೆ. ಆದ್ದರಿಂದ ಅಕ್ಷದ ವಿ-ಪ್ರತ್ಯೇಕೀಕರಣಕ್ಕಿಂತ ಮೇಲ್ಮೈಗೆ ಸಮೀಪ ಬರುವ ಎ-ಕಾಲುವೆಗಳು ಇಂತಹ ದಂಡಗಳಿಗೆ ಹೆಚ್ಚು ಅಪಾಯಕಾರಿ. ವೇಗವಾಗಿ ತಿರುಗುವ ರೋಟರಿನಲ್ಲಿ ಸ್ಥಿತಿ ಬೇರೆ. ಅಲ್ಲಿ ಅಪಕೇಂದ್ರ ಬಲದ ಒತ್ತಡ ನಡುಭಾಗದಲ್ಲಿಯೇ ಹೆಚ್ಚಾಗಿರುವುದರಿಂದ ಅಕ್ಷದ ಶುದ್ಧತೆ ಮುಖ್ಯವಾಗುತ್ತದೆ.

## ಪರಿಣಾಮಗಳು

ಇಂಗಾಲ ಹೆಚ್ಚಿರುವ ಭಾಗ ಗಡುಸಾಗುತ್ತದೆ, ಆದರೆ ಅದರ ಚಿಮ್ಮುಗೆಡದ ತಾಳಿಕೆ ಕುಗ್ಗುತ್ತದೆ. ಬೆಸುಗೆ ಹಾಕುವಾಗ ಬಿರುಕು ಬಿಡುವ ಸಂಭವವೂ ಹೆಚ್ಚು. ಗಂಧಕ ಮತ್ತು ರಂಜಕಗಳು ಸೇರಿದೆಡೆ ಉಕ್ಕು ಪೆಡಸಾಗುತ್ತದೆ. ಒಂದೇ ವಸ್ತುವಿನ ಬೇರೆ ಬೇರೆ ಭಾಗಗಳು ಉಷ್ಣೋಪಚಾರಕ್ಕೆ ಬೇರೆ ಬೇರೆ ರೀತಿಯಲ್ಲಿ ಸ್ಪಂದಿಸುತ್ತವೆ.

ಇದರ ಗಂಭೀರತೆಗೆ ಫ್ರಾನ್ಸಿನ ಫ್ಲಾಮಾನ್‌ವಿಲ್ ಪರಮಾಣು ಸ್ಥಾವರದ ಪ್ರಕರಣ ನಿದರ್ಶನ. ಅಲ್ಲಿನ ಮೂರನೆಯ ಘಟಕದ ಒತ್ತಡ ಪಾತ್ರೆಯ ಮುಚ್ಚಳ ಮತ್ತು ತಳಗಳ ಉಕ್ಕಿನಲ್ಲಿ ಇಂಗಾಲದ ಅಸಮತೆ ಇರುವುದನ್ನು ಫ್ರಾನ್ಸಿನ ಪರಮಾಣು ಸುರಕ್ಷತಾ ಪ್ರಾಧಿಕಾರ 2015ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಅದೇ ಬಗೆಯ ಇನ್ನೊಂದು ಮುಚ್ಚಳದ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಶೇ. 0.22 ಮಿತಿಯಿದ್ದ ಇಂಗಾಲ ಶೇ. 0.30ರಷ್ಟು ಕಂಡುಬಂದಿತ್ತು. ಗಟ್ಟಿಯ ತಲೆಭಾಗದ ಇಂಗಾಲಸಮೃದ್ಧ ಪ್ರದೇಶ ಪೂರ್ತಿಯಾಗಿ ತೆಗೆದುಹಾಕಲ್ಪಡದೆ ಉಳಿದುದೇ ಇದಕ್ಕೆ ಕಾರಣ. 2016ರಲ್ಲಿ ಅದೇ ದೇಶದ 18 ರಿಯಾಕ್ಟರ್‌ಗಳ ಉಗಿ ಉತ್ಪಾದಕಗಳ ಭಾಗಗಳನ್ನೂ ಇದೇ ಸಂಶಯದಿಂದ ಪರಿಶೀಲಿಸಬೇಕಾಯಿತು. ಹಲವು ರಿಯಾಕ್ಟರ್‌ಗಳನ್ನು ಪರೀಕ್ಷೆಗಾಗಿ ನಿಲ್ಲಿಸಲಾಯಿತು. 2017ರಲ್ಲಿ ಪ್ರಾಧಿಕಾರವು ಫ್ಲಾಮಾನ್‌ವಿಲ್ ಪಾತ್ರೆಯ ಬಳಕೆಗೆ ಒಪ್ಪಿದರೂ, ಮುಚ್ಚಳವನ್ನು ಮುಂದೆ ಬದಲಾಯಿಸಬೇಕೆಂಬ ನಿಲುವು ತಳೆಯಿತು.

## ನಿಯಂತ್ರಣ ವಿಧಾನಗಳು

### ಉಕ್ಕಿನ ಶುದ್ಧೀಕರಣ

ಗಂಧಕ, ರಂಜಕಗಳನ್ನು ಮೊದಲೇ ಕನಿಷ್ಠ ಮಟ್ಟಕ್ಕೆ ಇಳಿಸಿದರೆ ಪ್ರತ್ಯೇಕಗೊಳ್ಳಲು ಉಳಿಯುವುದೇ ಕಡಿಮೆ. ಆಮ್ಲಜನಕವನ್ನು ಸಿಲಿಕಾನ್ ಬಳಸಿ ತೆಗೆಯುವ ಬದಲು ನಿರ್ವಾತದಲ್ಲಿ ಇಂಗಾಲದಿಂದಲೇ ತೆಗೆಯುವ ವಿಧಾನದಲ್ಲಿ ಸಿಲಿಕಾನ್ ಪ್ರಮಾಣ ಕೆಳಮಟ್ಟದಲ್ಲಿ ಉಳಿಯುತ್ತದೆ. ಇದರಿಂದ ಹರಳುಗಳ ನಡುವಿನ ದ್ರವ ಹಗುರವಾಗುವುದು ತಗ್ಗಿ ಎ-ಕಾಲುವೆಗಳು ಕಡಿಮೆಯಾಗುತ್ತವೆ. ಮಾಲಿಬ್ಡಿನಂನಂತಹ ಭಾರವಾದ ಧಾತುವೂ ದ್ರವದ ಸಾಂದ್ರತೆಯನ್ನು ಹೆಚ್ಚಿಸಿ ಇದೇ ಪರಿಣಾಮ ನೀಡುತ್ತದೆ.

### ಅಚ್ಚಿನ ವಿನ್ಯಾಸ

ಅಚ್ಚಿನ ಎತ್ತರ ಮತ್ತು ವ್ಯಾಸದ ಅನುಪಾತ, ಗೋಡೆಯ ಇಳಿಜಾರು, ತಳದ ತಂಪುಗೊಳಿಸುವಿಕೆ ಇವೆಲ್ಲವೂ ಘನೀಕರಣದ ದಿಕ್ಕನ್ನು ನಿರ್ಧರಿಸುತ್ತವೆ. ಮೇಲ್ಭಾಗದ ಬಿಸಿತಲೆಗೆ ಶಾಖನಿರೋಧಕ ಒಳಪದರ ಮತ್ತು ಶಾಖ ಹೊಮ್ಮಿಸುವ ಪುಡಿಯನ್ನು ಬಳಸಿ ಅಲ್ಲಿನ ಉಕ್ಕನ್ನು ಕೊನೆಯವರೆಗೆ ದ್ರವವಾಗಿಡುತ್ತಾರೆ. ಕುಗ್ಗುವಿಕೆಯ ಟೊಳ್ಳು ಮತ್ತು ಧಾತುಸಮೃದ್ಧ ದ್ರವ ಎರಡೂ ಅಲ್ಲಿ ಸೇರುತ್ತವೆ.

### ಬಹುಹಂತದ ಸುರಿತ

ಅತಿ ದೊಡ್ಡ ಗಟ್ಟಿಗೆ ಒಂದೇ ಕುಲುಮೆಯ ಉಕ್ಕು ಸಾಲದು. ಹಲವು ಕೊಪ್ಪರಿಗೆಗಳಿಂದ ಒಂದಾದ ಮೇಲೊಂದರಂತೆ ಸುರಿಯಬೇಕಾಗುತ್ತದೆ. ಈ ಅನಿವಾರ್ಯತೆಯನ್ನೇ ಅನುಕೂಲವಾಗಿ ಮಾರ್ಪಡಿಸಿ, ಮೊದಲ ಕೊಪ್ಪರಿಗೆಯಲ್ಲಿ ಇಂಗಾಲವನ್ನು ತುಸು ಹೆಚ್ಚಾಗಿಯೂ ನಂತರದವುಗಳಲ್ಲಿ ಕ್ರಮವಾಗಿ ಕಡಿಮೆಯಾಗಿಯೂ ಇಡುತ್ತಾರೆ. ಉದಾಹರಣೆಗೆ, ಶೇ. 0.25 ಇಂಗಾಲದ ಉಕ್ಕು ಬೇಕಾದಾಗ ಸಮ ತೂಕದ ಮೂರು ಕೊಪ್ಪರಿಗೆಗಳಲ್ಲಿ ಶೇ. 0.28, 0.25 ಮತ್ತು 0.22 ಇಂಗಾಲವಿದ್ದರೆ ಸರಾಸರಿ ಸರಿಹೋಗುತ್ತದೆ. ತಲೆಭಾಗದಲ್ಲಿ ಸಹಜವಾಗಿ ಏರುವ ಇಂಗಾಲವನ್ನು ಕೊನೆಯ ಕೊಪ್ಪರಿಗೆಯ ಕೊರತೆ ಸ್ವಲ್ಪಮಟ್ಟಿಗೆ ಸರಿದೂಗಿಸುತ್ತದೆ. ಜಪಾನಿನ ಮುರೊರಾನ್‌ನಲ್ಲಿ ಜಪಾನ್ ಸ್ಟೀಲ್ ವರ್ಕ್ಸ್ ಸಂಸ್ಥೆಯು 600 ಟನ್ನಿನ ಗಟ್ಟಿಗಳನ್ನು ಈ ವಿಧಾನದಿಂದ ತಯಾರಿಸಿದೆ.

### ಟೊಳ್ಳು ಗಟ್ಟಿ ಮತ್ತು ದಿಶಾತ್ಮಕ ಘನೀಕರಣ

ಉಂಗುರಾಕಾರದ ವಸ್ತುಗಳಿಗೆ ನಡುವೆ ತಿರುಳಿಟ್ಟು ಟೊಳ್ಳಾದ ಗಟ್ಟಿಯನ್ನು ಎರೆಯುತ್ತಾರೆ. ಗೋಡೆ ತೆಳುವಾಗಿ ಎರಡೂ ಕಡೆಯಿಂದ ತಣಿಯುವುದರಿಂದ ಘನೀಕರಣದ ಕಾಲ ತಗ್ಗುತ್ತದೆ. ದಿಶಾತ್ಮಕ ಘನೀಕರಣದಲ್ಲಿ ಗಿಡ್ಡ, ಅಗಲವಾದ ಗಟ್ಟಿಯನ್ನು ತಳದಿಂದ ಮೇಲಕ್ಕೆ ತಣಿಸಿ, ಅಶುದ್ಧ ಪದರವನ್ನು ಮೇಲ್ಮೈಗೆ ತಂದು ಅದನ್ನು ತೆಗೆದುಹಾಕುತ್ತಾರೆ.

### ಮರುಕರಗಿಸುವಿಕೆ

ವಿದ್ಯುತ್ ಕಿಟ್ಟ ಮರುಕರಗಿಸುವಿಕೆ ಮತ್ತು ನಿರ್ವಾತ ಚಾಪ ಮರುಕರಗಿಸುವಿಕೆಗಳಲ್ಲಿ ಮೊದಲೇ ಎರೆದ ಉಕ್ಕಿನ ದಂಡವನ್ನು ಹನಿ ಹನಿಯಾಗಿ ಕರಗಿಸಿ, ನೀರಿನಿಂದ ತಂಪಾದ ತಾಮ್ರದ ಅಚ್ಚಿನಲ್ಲಿ ಮತ್ತೆ ಘನೀಕರಿಸಲಾಗುತ್ತದೆ. ಒಂದು ವೇಳೆಗೆ ದ್ರವರೂಪದಲ್ಲಿರುವುದು ಆಳವಿಲ್ಲದ ಸಣ್ಣ ಕೊಳ ಮಾತ್ರವಾದ್ದರಿಂದ ಪ್ರತ್ಯೇಕೀಕರಣ ಬಹಳ ಕಡಿಮೆ. ವೆಚ್ಚ ಹೆಚ್ಚು ಮತ್ತು ಗಾತ್ರಕ್ಕೆ ಮಿತಿಯಿರುವುದು ಇವುಗಳ ಕೊರತೆ.

### ಕತ್ತರಿಸುವಿಕೆ

ಎಲ್ಲ ಎಚ್ಚರಿಕೆಯ ನಂತರವೂ ತಲೆ ಮತ್ತು ತಳದ ಗಣನೀಯ ಭಾಗವನ್ನು ಕತ್ತರಿಸಿ ಮತ್ತೆ ಕುಲುಮೆಗೆ ಹಾಕಲಾಗುತ್ತದೆ. ಹೆಚ್ಚು ಕತ್ತರಿಸಿದರೆ ಇಳುವರಿ ಕುಗ್ಗುತ್ತದೆ, ಕಡಿಮೆ ಕತ್ತರಿಸಿದರೆ ದೋಷ ಒಳಗೇ ಉಳಿಯುತ್ತದೆ.

## ಪರೀಕ್ಷೆ

ಶ್ರವಣಾತೀತ ಧ್ವನಿಯ ಪರೀಕ್ಷೆ ಬಿರುಕು ಮತ್ತು ಟೊಳ್ಳುಗಳನ್ನು ಪತ್ತೆಹಚ್ಚುತ್ತದೆ. ಇಂಗಾಲದ ಪ್ರಮಾಣವನ್ನು ಅದು ನೇರವಾಗಿ ತೋರಿಸುವುದಿಲ್ಲ. ಆದ್ದರಿಂದ ಬಡಿದ ವಸ್ತುವಿನ ಹಲವು ಸ್ಥಳಗಳಿಂದ ಚೂರುಗಳನ್ನು ತೆಗೆದು ರಾಸಾಯನಿಕ ವಿಶ್ಲೇಷಣೆ ಮಾಡುವುದು, ಮೇಲ್ಮೈಯಲ್ಲಿ ರೋಹಿತಮಾಪಕದಿಂದ ಅಳೆಯುವುದು ಮತ್ತು ಗಂಧಕ ಮುದ್ರಣ ತೆಗೆಯುವುದು ರೂಢಿಯಲ್ಲಿವೆ. ಮಾದರಿಯನ್ನು ಎಲ್ಲಿಂದ ತೆಗೆಯಲಾಯಿತೆಂಬುದು ಫಲಿತಾಂಶದಷ್ಟೇ ಮುಖ್ಯ. ಅಂಚಿನಿಂದ ತೆಗೆದ ಚೂರು ನಿಗದಿತ ಮಿತಿಯೊಳಗಿದ್ದರೂ ನಡುಭಾಗ ಅದನ್ನು ಮೀರಿರಬಹುದು.

## ಇವನ್ನೂ ನೋಡಿ

- ಉಕ್ಕು
- ಎರಕ
- ಮೈಸೂರು ರಾಕೆಟ್
- ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ
- ಶ್ರೀರಂಗಪಟ್ಟಣ